ಕದ್ದು ತಂದ ಗಿಡ

ಮೊನ್ನೆ ಬೆರಳ ತುದಿ ಒಡೆದು ಸೂಜಿ ಹಿಡಿಯಲಾಗದೆ ಆಲೂರಿನ ಮೆಡಿಕಲ್ ಶಾಪಿಗೆ ಹೋಗಿದ್ದೆ. ಬ್ಲೌಸ್ ಹೊಲಿಯುವವರಿಗೆ ಬೆರಳೇ ಬಂಡವಾಳ. ಮದುವೆ ಸೀಸನ್ನಿನಲ್ಲಿ ಅದು ಕೈಕೊಟ್ಟರೆ ಗಿರಾಕಿಗಳ ಬಾಯಿಗೆ ಬೀಳಬೇಕಾಗುತ್ತದೆ. ಅಂಗಡಿಯ ಹುಡುಗಿ ಒಂದು ಸಣ್ಣ ಟ್ಯೂಬ್ ಕೊಟ್ಟಳು. ಅದರ ಮೇಲೆ ಕಿತ್ತಳೆ ಬಣ್ಣದ ಹೂವಿನ ಚಿತ್ರ. "ಕ್ಯಾಲೆಂಡುಲಾ ಆಂಟಿ, ಒಳ್ಳೇದು" ಅಂದಳು. ಮನೆಗೆ ಬಂದು ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದೆ. ಸೋಪಿನ ವಾಸನೆ. ಆ ಹೂವಿನ ನಿಜವಾದ ವಾಸನೆ ಹಾಗಿರುವುದಿಲ್ಲ. ಅದರಲ್ಲಿ ಅರ್ಧ ಸೊಪ್ಪು, ಅರ್ಧ ಅಂಟು. ಬೆರಳಿಗೆ ಹತ್ತಿತೆಂದರೆ ಎರಡು ಸಲ ಪಾತ್ರೆ ತೊಳೆದರೂ ಹೋಗುವುದಿಲ್ಲ. ಮೊದಲ ಸಲ ಮೂಸಿದವರು ಮುಖ ಸಿಂಡರಿಸುತ್ತಾರೆ. ನಾನೂ ಸಿಂಡರಿಸಿದ್ದೆ.

ತಮಾಷೆಯೆಂದರೆ ಅದೇ ಗಿಡ ನಮ್ಮ ಮಹಡಿಯ ಮೇಲೆ ಪೇಂಟ್ ಬಕೆಟ್ಟುಗಳಲ್ಲಿದೆ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಟ್ಯೂಬನ್ನು ಮೆಷಿನ್ನಿನ ಪಕ್ಕ ಇಟ್ಟು ಕೂತೆ. ಹೊಲಿಗೆ ಮುಂದುವರಿಯಲಿಲ್ಲ. ಆ ಹೂವನ್ನು ನನಗೆ ಮೊದಲು ತೋರಿಸಿದವರು ನೆನಪಾಗಿ ಕೂತುಬಿಟ್ಟರು... ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ನಾವಿದ್ದ ಕಾಫಿ ಎಸ್ಟೇಟಿಗೆಲ್ಲ ಅವರು ರೈಟರಮ್ಮ, ನನಗೆ ಅಕ್ಕ.

ಮದುವೆಯಾಗಿ ನಾನು ಆ ಎಸ್ಟೇಟಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಯಸಳೂರಿನಿಂದ ಒಳಗೆ, ಬಸ್ಸು ತಿರುಗಿಸಲು ಜಾಗವಿರುವ ಕಡೆ ಇಳಿದು ನಡೆಯಬೇಕಿತ್ತು. ನಮ್ಮ ಯಜಮಾನರು ಅಲ್ಲಿ ಡ್ರೈವರ್. ನಾನು ಅರಸೀಕೆರೆ ಕಡೆಯವಳು; ರಾಗಿ ಹೊಲ, ತೆಂಗಿನ ಸಾಲು, ಕಣ್ಣು ಹಾಯುವಷ್ಟು ಬಯಲು ನೋಡಿ ಬೆಳೆದವಳು. ಇಲ್ಲಿ ಬಾಗಿಲು ತೆರೆದರೆ ಮರ, ಮರದ ಹಿಂದೆ ಮರ. ಯಜಮಾನರು ಕಾಫಿ ಲೋಡು ತುಂಬಿಕೊಂಡು ಹಾಸನಕ್ಕೋ ಮಂಗಳೂರಿಗೋ ಹೋದರೆ ವಾಪಸು ಬರುವುದು ಯಾವಾಗೆಂದು ಅವರಿಗೇ ಗೊತ್ತಿರುತ್ತಿರಲಿಲ್ಲ. ಒಬ್ಬಳೇ ಇರುವುದು ಎಂದರೇನೆಂದು ನನಗೆ ತಿಳಿದದ್ದು ಅಲ್ಲಿ. ಒಲೆಯ ಮುಂದೆ ಕೂತು ನನಗೆ ನಾನೇ ಮಾತಾಡಿಕೊಳ್ಳುವ ಅಭ್ಯಾಸ ಆಗಲೇ ಹಿಡಿದದ್ದು, ಈಗಲೂ ಬಿಟ್ಟಿಲ್ಲ.

ನಮ್ಮದು ಒಂದೇ ಸೂರಿನ ಜೋಡಿ ಕ್ವಾರ್ಟರ್ಸ್. ಒಂದು ಬಾಗಿಲು ನಮ್ಮದು, ಇನ್ನೊಂದು ರೈಟರದು. ರೈಟರೆಂದರೆ ಆಳುಗಳ ಹಾಜರಿ ಬರೆಯುವವರು. ಸ್ಟೋರಿನ ಬೀಗದ ಕೈಯೂ ಅವರ ಹತ್ತಿರವೇ ಇರುತ್ತಿತ್ತು. ಮಕ್ಕಳಿರಲಿಲ್ಲ. ಅವರದು ತೀರಾ ಕಡಿಮೆ ಮಾತು, ಆ ಮನೆಯ ಮಾತೆಲ್ಲ ಹೆಂಡತಿಯ ಪಾಲಿಗೆ ಬಂದಿತ್ತು. ಗೋಡೆಯಾಚೆ ರೈಟರಮ್ಮ ಬೆಕ್ಕಿಗೆ ಬೈಯುವುದು, ಉರಿಯದ ಸೌದೆಗೆ ಬೈಯುವುದು, ಮೋಡಕ್ಕೆ ಬೈಯುವುದು ನನಗೆ ಚೆನ್ನಾಗಿ ಕೇಳುತ್ತಿತ್ತು. ಮೊದಲ ತಿಂಗಳು ನನಗಿದ್ದ ಜೊತೆ ಆ ಬೈಗುಳವೇ.

ಅವರ ಅಡುಗೆಮನೆಯ ಹಿಂದೆ, ಬಚ್ಚಲ ನೀರು ಹರಿಯುವಲ್ಲಿಂದ ಬೇಲಿಯವರೆಗೆ ಒಂದು ಪಟ್ಟೆ ನೆಲವಿತ್ತು. ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ ಮೇಲೆ ಅಲ್ಲಿ ಬೀಜ ಹಾಕುತ್ತಿದ್ದರು. ಸಂಕ್ರಾಂತಿ ಹೊತ್ತಿಗೆ ಆ ಪಟ್ಟೆಯೆಲ್ಲ ಕಿತ್ತಳೆ, ಹಳದಿ. ಎಸ್ಟೇಟಿನಲ್ಲಿ ಅದಕ್ಕೆ ಸೀಮೆ ಚೆಂಡು ಅನ್ನುತ್ತಿದ್ದರು. ನಾನು ನಮ್ಮೂರ ಚೆಂಡು ಹೂವೇ ಇರಬೇಕೆಂದು ಒಂದು ಬುಟ್ಟಿ ಕೇಳಿ ತಂದು ಸಂಕ್ರಾಂತಿಗೆ ಬಾಗಿಲಿಗೆ ಹಾರ ಕಟ್ಟಿದೆ. ಸಂಜೆಗೆ ನೋಡಿದರೆ ಹೂವೆಲ್ಲ ಮುಚ್ಚಿಕೊಂಡು ಮೊಗ್ಗಿನ ಸರವಾಗಿತ್ತು. ನಾನು ಗಾಬರಿಯಾಗಿ ಕರೆದರೆ ರೈಟರಮ್ಮ ಸೆರಗು ಬಾಯಿಗೆ ಹಿಡಿದು ನಕ್ಕರು. "ಹೊತ್ತು ಮುಳುಗಿದ್ ಮೇಲೆ ಅದಕ್ಕೇನ್ ಕೆಲ್ಸ ಐತೆ? ಮಲಗ್ತದೆ. ನೀನೂ ಹೋಗಿ ಮಲಗು."

ಹೂವನ್ನು ಕೇಳಿದಷ್ಟು ಕೊಡುತ್ತಿದ್ದರು. ಕಿತ್ತಷ್ಟೂ ಹೆಚ್ಚು ಬಿಡುವ ಗಿಡ ಅದು. ಮೊದಲ ಮೊಗ್ಗನ್ನು ಮಾತ್ರ ನಿರ್ದಾಕ್ಷಿಣ್ಯವಾಗಿ ಚಿವುಟಿ ಎಸೆಯುತ್ತಿದ್ದರು, ಗಿಡ ಕವಲೊಡೆಯಲಿ ಎಂದು. ಗಿಡಕ್ಕೆ ಹೇನು ಬಿದ್ದರೆ ಒಲೆಯ ಬೂದಿ ಎರಚುತ್ತಿದ್ದರು. ಎಸಳು ಬಿಡಿಸಿ ಮೊರದಲ್ಲಿ ಹಾಕಿ ನೆರಳಲ್ಲಿ ಒಣಗಿಸಿ, ಗಾಜಿನ ಬಾಟಲಿಗೆ ತುಂಬಿ, ಮುಳುಗುವಷ್ಟು ಕೊಬ್ಬರಿ ಎಣ್ಣೆ ಹಾಕಿ ಕಾಫಿ ಕಣದ ಮೂಲೆಯಲ್ಲಿ ಬಿಸಿಲಿಗೆ ಇಡುತ್ತಿದ್ದರು. ಒಂದು ಸಲ ಸರಿಯಾಗಿ ಒಣಗುವ ಮೊದಲೇ ಅವಸರ ಮಾಡಿ, ಬಾಟಲಿಯೆಲ್ಲ ಬೂಸ್ಟು ಹಿಡಿದು, ಅದರ ತಪ್ಪನ್ನು ಬಿಸಿಲಿನ ಮೇಲೆ ಹಾಕಿದರು. ಕಾಫಿ ಹಣ್ಣು ಬಿಡಿಸುವ ಹೆಂಗಸರು ಸಂಜೆ ಕೈ ತರಚಿಕೊಂಡು, ಚಗಳಿ ಇರುವೆ ಕಚ್ಚಿಸಿಕೊಂಡು ಬಂದರೆ ಮೆಟ್ಟಿಲ ಮೇಲೆ ಕೂರಿಸಿ ಆ ಎಣ್ಣೆ ತಿಕ್ಕುತ್ತಿದ್ದರು. ಅದರಿಂದ ಎಷ್ಟು ಗುಣವಾಗುತ್ತಿತ್ತೋ ನಾನು ಹೇಳಲಾರೆ. ಅಷ್ಟು ಹೊತ್ತು ಯಾರಾದರೂ ಕೈ ಹಿಡಿದುಕೊಂಡರೆ ಅರ್ಧ ನೋವು ಇಳಿದಂತೆಯೇ. ಉಳಿದ ಎಸಳನ್ನು ಅಕ್ಕಿ ರೊಟ್ಟಿಯ ಹಿಟ್ಟಿಗೆ ಕಲೆಸುತ್ತಿದ್ದರು. ರುಚಿಯೇನೂ ಇರುತ್ತಿರಲಿಲ್ಲ, ಸ್ವಲ್ಪ ಕಹಿ. ಆದರೆ ತಟ್ಟೆಯಲ್ಲಿ ಚೆನ್ನಾಗಿ ಕಾಣುತ್ತಿತ್ತು, ಒಬ್ಬಳೇ ತಿನ್ನುವ ದಿನ ಅದೂ ಒಂದು ಆಸರೆ.

ಬೀಜದ ವಿಷಯ ಬೇರೆ. ಆ ವರ್ಷ ಹೂವಿನ ತಲೆ ಒಣಗಿದಾಗ ನಾನು ಸೀದಾ ಹೋಗಿ ಕೇಳಿದೆ, "ಅಕ್ಕಾ, ನನಗೂ ಒಂಚೂರು ಬೀಜ ಕೊಡಿ."

"ಕೊಡಲ್ಲ" ಅಂದರು. ಮುಖ ಕೂಡ ಎತ್ತಲಿಲ್ಲ.

ನನಗೆ ಅಳುವೇ ಬಂತು. ಬುಟ್ಟಿ ಹೂ ಕೊಡುವವರಿಗೆ ಒಂದು ಚಿಟಿಕೆ ಬೀಜ ಭಾರವಾಯಿತೇ ಎಂದು ಒಳಗೆ ಬಂದು ಗೋಡೆಯಾಚೆ ಕೇಳುವ ಹಾಗೆ ಪಾತ್ರೆ ಕುಕ್ಕಿದೆ. ಮರುದಿನ ನಲ್ಲಿಯ ಹತ್ತಿರ, ಆಳುಗಳಿಂದ ಕೆಲಸ ಮಾಡಿಸುವ ಮೇಸ್ತ್ರಿಯ ಹೆಂಡತಿ ನನ್ನ ಮುಖ ನೋಡಿ ವಿಷಯ ಕೇಳಿ ನಕ್ಕಳು. "ಕೇಳಿ ತಂದ್ ಗಿಡ ಹತ್ತಲ್ಲ ಮಾರಾಯ್ತಿ. ಕದೀಬೇಕು."

ಕದ್ದು ತಂದ ಗಿಡ ಚೆನ್ನಾಗಿ ಬರುತ್ತದೆ ಎಂಬ ಮಾತು ಎಲ್ಲ ಕಡೆ ಇದೆ. ನಾವು ತಮಾಷೆಗೆ ಅನ್ನುತ್ತೇವೆ, ಆ ಎಸ್ಟೇಟಿನ ಹೆಂಗಸರು ಅದನ್ನು ವ್ರತದ ಹಾಗೆ ಪಾಲಿಸುತ್ತಿದ್ದರು. ಡೇಲಿಯಾ ಗೆಡ್ಡೆಯಿಂದ ಬೆಗೋನಿಯಾ ಕಡ್ಡಿಯವರೆಗೆ ಎಲ್ಲವೂ ಸೆರಗಿನ ಮರೆಯಲ್ಲೇ ಮನೆಯಿಂದ ಮನೆಗೆ ಹೋಗಬೇಕು. ಗಿಡದ ಯಜಮಾನಿ ಆ ಹೊತ್ತಿಗೆ ಒಳಗೆ ಹೋಗಬೇಕು, ಕಂಡರೂ ಕಾಣಬಾರದು. ಆಮೇಲೆ ನಾಲ್ಕು ಜನರ ಮುಂದೆ 'ಯಾವಳೋ ನನ್ನ ಗಿಡಕ್ಕೆ ಕೈ ಹಾಕವ್ಳೆ' ಎಂದು ಕೂಗಾಡಬೇಕು. ಕದ್ದವಳು ಎಲ್ಲರಿಗಿಂತ ಮೊದಲು ಅಯ್ಯೋ ಪಾಪ ಅನ್ನಬೇಕು. ಒಂದು ಮನೆಯಿಂದ ಇನ್ನೊಂದು ಮನೆಗೆ ಗುಡ್ಡ ಹತ್ತಿ ಇಳಿಯಬೇಕಾದ ಜಾಗದಲ್ಲಿ, ಸುಮ್ಮನೆ ಹೋಗಿ ಕೂತರೆ ಕೆಲಸವಿಲ್ಲದವಳು ಅನ್ನುತ್ತಾರೆ. ಕದಿಯಲು ಹೋದರೆ ಯಾರೂ ಏನೂ ಅನ್ನುವುದಿಲ್ಲ. ಕಾಫಿ ಕುಡಿದು, ಕಷ್ಟಸುಖ ಹೇಳಿಕೊಂಡು, ಹೊರಡುವಾಗ ಗಿಡಕ್ಕೆ ಕೈ ಹಾಕಿದರಾಯಿತು. ಯಾರ ಮನೆಯ ಗಿಡ ಹೆಚ್ಚು ಕಳುವಾಗುತ್ತದೋ ಅವರಿಗೆ ಬಳಕೆಯ ಜನ ಹೆಚ್ಚು ಎಂದು ಲೆಕ್ಕ. ರೈಟರಮ್ಮನ ಬೀಜ ಎಲ್ಲರಿಗಿಂತ ಹೆಚ್ಚು ಕಳುವಾಗುತ್ತಿತ್ತು. ಅದು ಅವರ ಹೆಮ್ಮೆ.

ಆ ಬೀಜವನ್ನು ಅವರೂ ಕದ್ದೇ ತಂದಿದ್ದರು, ಅದೂ ಧಣಿಗಳ ಬಂಗಲೆಯ ತೋಟದಿಂದ. ಆ ಕಥೆಯನ್ನು ಎಷ್ಟು ಸಲ ಹೇಳಿದರೂ ಅವರಿಗೆ ತೃಪ್ತಿಯಿರಲಿಲ್ಲ. ಹಬ್ಬಕ್ಕೆ ಬಂಗಲೆಗೆ ಹೋದಾಗ ಧಣಿಗಳ ಹೆಂಡತಿ ಎದುರಿಗಿದ್ದಂತೆಯೇ ಒಂದು ಒಣ ತಲೆ ಮುರಿದು ಕುಪ್ಪಸದೊಳಗೆ ಹಾಕಿಕೊಂಡರಂತೆ. "ಬಂಗ್ಲೆದನ್ನೇ ಎಗರಿಸ್ಬುಟ್ಟೆ ಕಣೇ" ಎಂದು ರಂಗುರಂಗಾಗಿ ವರ್ಣಿಸುತ್ತಿದ್ದರು. ನಾವು ಪ್ರತಿ ಸಲವೂ ಹೊಸದಾಗಿ ನಗುತ್ತಿದ್ದೆವು.

ನಾನೂ ಕದ್ದೆ. ಆದರೆ ನಮ್ಮೂರ ರೂಢಿಯಂತೆ ಮುಂಗಾರು ಹಿಡಿದ ಕೂಡಲೇ ಬಿತ್ತಿದೆ. ಆ ಊರಿನ ಮಳೆಗೆ ಮೊಳಕೆ ಇರಲಿ, ಮಣ್ಣೇ ಉಳಿಯಲಿಲ್ಲ. ಪಕ್ಕದಲ್ಲೇ ಅವರದು ಇರುವಾಗ ನನಗೇಕೆ ಬೇರೆ ಗಿಡ ಎಂದು ಸುಮ್ಮನಾದೆ. ಹಾಗೆ ಕೆಲವು ವರ್ಷ ಚೆನ್ನಾಗಿಯೇ ಕಳೆಯಿತು...

ಆಮೇಲಿನ ಒಂದು ವರ್ಷ, ಮೆಣಸು ಕೊಯ್ಲು ಮುಗಿಯುವ ಹೊತ್ತಿಗೆ ಸ್ಟೋರಿನಿಂದ ಮೆಣಸಿನ ಮೂಟೆಗಳು ಕಾಣೆಯಾದವು. ಬೀಗ ಒಡೆದಿರಲಿಲ್ಲ. ಬೀಗದ ಕೈ ರೈಟರ ಹತ್ತಿರ. ಧಣಿಗಳು ಪೊಲೀಸರನ್ನು ಕರೆಯಲಿಲ್ಲ, ಕೂಗಾಡಲೂ ಇಲ್ಲ. ರೈಟರಿಗೆ ಯುಗಾದಿಯೊಳಗೆ ಬೇರೆ ಕಡೆ ಕೆಲಸ ನೋಡಿಕೊಳ್ಳಿ ಎಂದರಂತೆ, ಅಷ್ಟೇ. ಕದ್ದವರು ಯಾರೆಂದು ಇವತ್ತಿನವರೆಗೂ ಗೊತ್ತಾಗಿಲ್ಲ. ನನಗೆ ರೈಟರ ಮೇಲೆ ಅನುಮಾನ ಬರಲಿಲ್ಲ. ಆದರೆ ಅನುಮಾನಪಟ್ಟವರನ್ನು ತಡೆದು ಅಲ್ಲವೆಂದು ಹೇಳಲು ನನ್ನ ಬಳಿಯೂ ಏನೂ ಇರಲಿಲ್ಲ.

ನಲ್ಲಿಯ ಹತ್ತಿರ ಕೊಡ ಇಟ್ಟು ನಿಂತಿದ್ದಾಗ ಮೇಸ್ತ್ರಿಯ ಹೆಂಡತಿ ಅಂದುಬಿಟ್ಟಳು. "ಬಂಗ್ಲೆ ಹೂವಿಗೇ ಕೈ ಹಾಕ್ದೋಳು, ಮೆಣಸು ಬಿಡ್ತಾಳಾ?"

ಯಾರೂ ನಗಲಿಲ್ಲ. ಯಾರೂ ಅಲ್ಲವೆನ್ನಲೂ ಇಲ್ಲ. ನಾನು ತಿರುಗಿ ನೋಡಿದರೆ ರೈಟರಮ್ಮ ಖಾಲಿ ಕೊಡ ಹಿಡಿದು ನಮ್ಮ ಹಿಂದೆಯೇ ನಿಂತಿದ್ದರು. ನೀರು ಹಿಡಿದುಕೊಂಡು, ಕೊಡ ಸೊಂಟಕ್ಕೇರಿಸಿ, ಒಂದು ಮಾತೂ ಆಡದೆ ಹೋದರು. ಅಷ್ಟು ಬಾಯಿಯಿದ್ದ ಹೆಂಗಸು ಆಡದೆ ಹೋದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಅಂದಿನಿಂದ ಆ ಮನೆಗೆ ಯಾರೂ ಬರಲಿಲ್ಲ. ದ್ವೇಷವೇನೂ ಇರಲಿಲ್ಲ. ಆ ಮನೆಯ ಗಿಡಕ್ಕೆ ಕೈ ಹಾಕಿದ್ದನ್ನು ಯಾರಾದರೂ ನೋಡಿದರೆ ಮಾತು ತಮ್ಮ ಮೇಲೆ ತಿರುಗೀತೆಂದು ಎಲ್ಲರಿಗೂ ಹೆದರಿಕೆ. ತೋಟದ ಕೆಲಸದ ಹೆಂಗಸರು ತರಚಿದ ಕೈಯನ್ನು ಸೆರಗಿಗೆ ಸುತ್ತಿಕೊಂಡು ಆ ಮೆಟ್ಟಿಲು ದಾಟಿ ಹೋಗುತ್ತಿದ್ದರು. ರೈಟರಮ್ಮ ಹೂ ಕೀಳುವುದು ಬಿಟ್ಟರು. ಕೀಳದೆ ಬಿಟ್ಟ ಸೀಮೆ ಚೆಂಡು ಬೇಗ ಬೀಜ ಕಟ್ಟುತ್ತದೆ. ಪಟ್ಟೆಯೆಲ್ಲ ಕಂದಾಯಿತು. ಬಾಗಿದ ಉಗುರಿನಂಥ ಬೀಜಗಳು ತಲೆತಲೆಯಲ್ಲೂ ಒಣಗಿ ನಿಂತವು. ಬೆಳಗಾದರೆ ಅವರು ಬಾಗಿಲಿಗೆ ಬಂದು ಮೊದಲು ಗಿಡ ನೋಡುತ್ತಿದ್ದರು, ರಾತ್ರಿಯಾದರೂ ಯಾರಾದರೂ ಬಂದಿದ್ದರೇ ಎಂದು. ಯಾವ ತಲೆಯೂ ಮುರಿದಿರುತ್ತಿರಲಿಲ್ಲ. ಗೋಡೆಯಾಚೆ ಬೈಗುಳ ನಿಂತುಹೋಗಿತ್ತು. ನನ್ನ ಮನೆಯೂ ಆಗ ಎಷ್ಟು ಖಾಲಿಯೆನಿಸಿತೆಂದರೆ, ಬೆಕ್ಕು ಪಾತ್ರೆ ಉರುಳಿಸಿದರೆ ಸಮಾಧಾನವಾಗುತ್ತಿತ್ತು.

ಎಸ್ಟೇಟಿನವರೆಲ್ಲ ಹೂಮಳೆಗೆ ಮುಗಿಲು ನೋಡುತ್ತಿದ್ದ ಕಾಲ ಅದು. ಆ ಮಳೆ ಬಿದ್ದರೆ ಕಾಫಿ ಹೂವಾಗುತ್ತದೆ. ರೈಟರಮ್ಮನ ಬೀಜ ಮಾತ್ರ ಕೊಳೆಯುತ್ತದೆ.

"ಮಳೆ ಬಂದ್ರೆ ಎಲ್ಲಾ ಹೋಯ್ತದೆ" ಅಂದರು ಒಂದು ಸಂಜೆ, ನನ್ನ ಕಡೆ ನೋಡದೆ.

"ನೀವೇ ಒಂದು ಡಬ್ಬಿಗೆ ಹಾಕ್ಕೊಳ್ಳಿ ಅಕ್ಕಾ. ಹೋದಲ್ಲಿ ಬಿತ್ತಬಹುದು."

"ಬಂಗ್ಲೆ ಬೀಜ ನಾನ್ ಹೊತ್ಕೊಂಡ್ ಹೋಗಲ್ಲ. ಗೇಟಲ್ಲಿ ಡಬ್ಬಿ ಬಿಚ್ಚಿಸ್ತಾರೆ. ಕಳ್ಳಿ ಅನ್ನಿಸ್ಕೊಂಡಿದ್ದು ಸಾಕು."

"ಹಾಗಾದ್ರೆ ನನಗೆ ಕೊಡಿ."

ಅವರು ಸೆರಗು ಕೊಡವಿ ಎದ್ದರು. "ಕೊಟ್ರೆ ಹತ್ತಲ್ಲ ಅಂತ ನಿಂಗೂ ಗೊತ್ತೈತೆ" ಎಂದು ಒಳಗೆ ಹೋದರು.

ಅವರಿಗೆ ಬೇಕಾಗಿದ್ದದ್ದು ಬೀಜ ಉಳಿಯುವುದಲ್ಲ ಎಂದು ನನಗೆ ಆಗ ಅರ್ಥವಾಯಿತು. ಎಸ್ಟೇಟು ಬಿಡುವ ಮೊದಲು ಒಬ್ಬರಾದರೂ, ಮೊದಲಿನ ಹಾಗೆ, ಅವರ ಗಿಡಕ್ಕೆ ಕೈ ಹಾಕಬೇಕಿತ್ತು. ಅವರು ಎಲ್ಲರ ಹಾಗೆ ಒಬ್ಬ ಹೆಂಗಸು, ಅವರ ಮನೆಗೂ ಜನ ಕದಿಯಲು ಬರುತ್ತಾರೆ, ಅಷ್ಟು ಅನ್ನಿಸಿಕೊಂಡು ಹೋಗಬೇಕಿತ್ತು.

ಮರುದಿನ ಅವರ ಸಾಮಾನು ಕಟ್ಟಿಯಾಗಿತ್ತು. ನಾನು ಹೊತ್ತು ನೋಡಿಕೊಂಡೆ. ಸಂಜೆ ಕೆಲಸ ಬಿಟ್ಟು ಹೆಂಗಸರೆಲ್ಲ ಸಾಲಾಗಿ ಕಟ್ಟಿದ ಲೈನಿನ ಮನೆಗಳಿಗೆ ಹೋಗುವ ದಾರಿ ನಮ್ಮ ಬೇಲಿಯ ಪಕ್ಕದಲ್ಲೇ. ಅವರು ಮಾತಾಡಿಕೊಂಡು ತಿರುವಿನಲ್ಲಿ ಕಾಣಿಸಿಕೊಂಡ ಕೂಡಲೇ ನಾನು ಸೆರಗು ಸಿಕ್ಕಿಸಿ ಆ ಪಟ್ಟೆಗೆ ಇಳಿದೆ. ಮರೆ ಮಾಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಒಂದೊಂದೇ ತಲೆ ಮುರಿದು ಮಡಿಲಿಗೆ ಹಾಕಿಕೊಂಡೆ. ಬೇಲಿಯಾಚೆ ಮಾತು ನಿಂತಿತು. ಮೇಸ್ತ್ರಿಯ ಹೆಂಡತಿಯೂ ಇದ್ದಳು; ನನ್ನನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದಳು. ಇವಳೂ ಆ ಕಳ್ಳರ ಗುಂಪಿನವಳೇ ಎಂದು ಯಜಮಾನರ ಕೆಲಸಕ್ಕೆ ಕುತ್ತು ಬಂದರೆ ಎಂಬ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ.

ರೈಟರಮ್ಮ ಬಾಗಿಲಿಗೆ ಬಂದರು. ರೂಢಿಯಂತೆ ಅವರು ಒಳಗೆ ಹೋಗಬೇಕಿತ್ತು, ಹೋಗಲಿಲ್ಲ. ಚೌಕಟ್ಟಿಗೆ ಒರಗಿ ನಿಂತು, ನಾನು ಕದಿಯುವುದನ್ನೇ ಕಣ್ತುಂಬ ನೋಡಿದರು.

"ಒಣಗಿದ್ದೇ ಆರಿಸ್ಕೊಳ್ಳೇ" ಅಂದರು, ಬೇಲಿಯಾಚೆಗೂ ಕೇಳುವ ಹಾಗೆ. "ಹಸಿದು ಮೊಳೆಯಲ್ಲ."

ಆ ಗಂಟಲಿನಲ್ಲಿ ಹಳೆಯ ಜೋರು ಇತ್ತು. ಹೆಂಗಸರು ಸ್ವಲ್ಪ ಹೊತ್ತು ನಿಂತರು, ಆಮೇಲೆ ಮುಂದೆ ಹೋದರು. ಯಾರೂ ಬೇಲಿ ದಾಟಿ ಬರಲಿಲ್ಲ. ಬರುತ್ತಾರೆಂದು ನಾನು ಎಲ್ಲೋ ಆಸೆಪಟ್ಟಿದ್ದೆ. ಬೆಳಿಗ್ಗೆ ಸಾಮಾನಿನ ಜೀಪು ಹೊರಟಾಗ ಎಸ್ಟೇಟಿನ ಗೇಟಿನಲ್ಲಿ ರೈಟರಮ್ಮ, ಯಾರೂ ಕೇಳುವ ಮೊದಲೇ, ಒಂದೊಂದು ಡಬ್ಬಿಯ ಮುಚ್ಚಳವನ್ನೂ ತಾವೇ ತೆಗೆದು ವಾಚ್‌ಮನ್‌ಗೆ ತೋರಿಸಿದರಂತೆ. ಅವನು ತಲೆ ತಗ್ಗಿಸಿ ಸಾಕಮ್ಮ ಅಂದನಂತೆ.

ಆ ದೀಪಾವಳಿ ಕಳೆದ ಮೇಲೆ ನಾನು ಬಿತ್ತಿದೆ, ಈ ಸಲ ಸರಿಯಾದ ಕಾಲಕ್ಕೆ. ಗಿಡ ಬಂತು. ರೈಟರು ಮಾರನಹಳ್ಳಿಯ ಹತ್ತಿರದ ಒಂದು ತೋಟದಲ್ಲಿದ್ದಾರೆಂದು ಘಾಟಿಯಲ್ಲಿ ಓಡಾಡುವ ಡ್ರೈವರುಗಳಿಂದ ತಿಳಿಯಿತು. ಅಲ್ಲಿಗೆ ಬಸ್ಸಿತ್ತು. ಒಂದು ಪೊಟ್ಟಣ ಬೀಜ ಕಟ್ಟಿಕೊಂಡು ಹೋಗಿಬರಲು ಕಷ್ಟವೇನಿರಲಿಲ್ಲ. ಆದರೆ ಕೊಟ್ಟರೆ ಹತ್ತುವುದಿಲ್ಲವಲ್ಲ! ಅವರೇ ಬರಲಿ, ಬಂದು ಕದಿಯಲಿ, ನಾನು ಒಳಗೆ ಹೋಗಿ ಕಾಫಿಗೆ ಇಡುತ್ತೇನೆ ಎಂದು ಕಾದೆ. ಪ್ರತಿ ವರ್ಷ ಬೀಜ ಆರಿಸುವಾಗ ಒಂದು ಗಿಡವನ್ನು ಮುಟ್ಟದೆ ಬಿಡುತ್ತಿದ್ದೆ. ಅದು ಹೂಮಳೆಗೆ ನೆನೆದು ಕೊಳೆಯುತ್ತಿತ್ತು. ಎಸ್ಟೇಟು ಬಿಟ್ಟು ಆಲೂರಿಗೆ ಬಂದೆವು, ಯಜಮಾನರು ತೀರಿಹೋದರು, ನಾನು ತಂಗಿಯ ಮನೆಗೆ ಹೊಲಿಗೆ ಮೆಷಿನ್ನು ಹೊತ್ತುಕೊಂಡು ಬಂದೆ. ಗಿಡ ಬಕೆಟ್ಟಿಗೆ ಬಂತು. ಬಿಡುವ ಒಂದು ಗಿಡವನ್ನು ಬಿಡುತ್ತಲೇ ಇದ್ದೆ.

ಹೋದ ಶ್ರಾವಣದಲ್ಲಿ ಸಕಲೇಶಪುರದ ಬಸ್‌ಸ್ಟ್ಯಾಂಡಿನಲ್ಲಿ ರೈಟರು ಸಿಕ್ಕರು. ಅವರೇ ಗುರುತು ಹಿಡಿದರು. ಹಲ್ಲು ಹೋಗಿ ಕೆನ್ನೆ ಒಳಸೇರಿತ್ತು. ಅಕ್ಕ ಹೇಗಿದ್ದಾರೆ ಅಂದೆ. ಹಿಂದಿನ ಮಳೆಗಾಲದಲ್ಲೇ ತೀರಿಕೊಂಡರು ಅಂದರು. ಅಲ್ಲಿ ಸೀಮೆ ಚೆಂಡು ಹಾಕಿದ್ದರಾ ಎಂದು ಕೇಳಿದೆ.

"ಇಲ್ಲಮ್ಮ. ಎಲ್ಲೂ ಹಾಕ್ಲಿಲ್ಲ. ಸಕಲೇಶಪುರದಲ್ಲಿ ಬೀಜ ತಂದ್ಕೊಡ್ಲಾ ಅಂದ್ರೂ ಬೇಡ ಅ‍ನ್ನೋಳು. ನಂದು ಡ್ರೈವರ್ ಹೆಂಡ್ತಿ ಹತ್ರ ಐತೆ, ಒಂದಿನ ಹೋಗಿ ಕದ್ಕೊಂಡ್ ಬರ್ತೀನಿ ಅನ್ನೋಳು. ಪ್ರತಿ ವರ್ಷ ಅನ್ನೋಳು."

ಅವರ ಬಸ್ಸು ಬಂತು. ನನ್ನ ಬಸ್ಸು ಹೋದದ್ದೂ ಗೊತ್ತಾಗಲಿಲ್ಲ.

ದೀಪಾವಳಿ ಕಳೆದ ಮೇಲೆ ಎಂದಿನಂತೆ ಬಿತ್ತಿದೆ. ಹೂವೂ ಚೆನ್ನಾಗಿ ಬಂತು. ಎರಡು ದಿನದಿಂದ ಮೂಡಣದಲ್ಲಿ ಮೋಡ ಕಟ್ಟುತ್ತಿದೆ, ಹೂಮಳೆ ಇಂದೋ ನಾಳೆಯೋ ಬೀಳಬಹುದು. ನಿನ್ನೆ ಮಧ್ಯಾಹ್ನ ಮಹಡಿಗೆ ಹೋಗಿ ಒಣಗಿದ ತಲೆಗಳನ್ನು ಆರಿಸಿದೆ. ಕೊನೆಯ ಬಕೆಟ್ಟಿನಲ್ಲಿ ಅಕ್ಕನಿಗೆಂದು ಬಿಟ್ಟಿದ್ದ ಗಿಡದ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಅದರ ತಲೆಗಳನ್ನೂ ಮುರಿದುಕೊಂಡು ಕೆಳಗೆ ಬಂದೆ.